ವಾಹನ ನಡೆಸುವಾಗ ಲಕ್ಷ್ಯವು ಎಲ್ಲಿರುವದು?

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಪೀರನವಾಡಿಯನ್ನು ದಾಟಿದರೆ ಮಚ್ಛೆಯು ಬರುವದು. ವಾಚಕರಲ್ಲಿ ಅನೇಕರು ಈ ದಾರಿಯನ್ನು ಬಲ್ಲರು. ಇದೇ ರಸ್ತೆಯು ಮುಂದೆ ಗೋವೆಯ ಕಡೆಗೆ ಸಾಗುವದರಿಂದ ಭಾರದ ಲಾರಿಗಳು ಹಗಲಿರುಳೂ ಸಂಚರಿಸುವವು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ತುಂಬಿದ ಟ್ರೇಲರುಗಳನ್ನೆಳೆದುಕೊಂಡು ನಿಧಾನವಾಗಿ ಸಾಗುವವು. ಕಾರಖಾನೆಗಳ ಪಾಳಿ ಬಿಡುವ ಹೊತ್ತಿಗಂತೂ ಸಂದಣಿಯನ್ನು ಹೇಳತೀರದು. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇಲ್ಲಿಯೇ ಇರುವದು. ಇಂಥ ದಾರಿಯಲ್ಲಿ ಹದಿನಾರು ಹದಿನೇಳು ವರ್ಷದ ಬಾಲಕ ಬಾಲಕಿಯರು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಕತ್ತನ್ನು ಸೊಟ್ಟಗೆ ಮಾಡಿ, ಸ್ಕೂಟರು ನಡೆಸುವದನ್ನು ಕಂಡು ನಾವು ಈ ಪಾಠವನ್ನು ಬರೆಯಬೇಕಾಯಿತು.

ಮೊದಲು ಒಂದು ಲೆಕ್ಕ. ತಾಸಿಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರು. ಬಂದ ಸಂದೇಶವನ್ನು ಓದಲು ಕಣ್ಣು ಮೂರು ಸೆಕೆಂಡು ಕೆಳಗಿಳಿಯಿತೆಂದರೆ 30 ಮೀಟರಿನಷ್ಟು ದೂರವನ್ನು ಕಣ್ಣು ಕಟ್ಟಿಕೊಂಡು ಹೋದಂತಾಯಿತು. ವೇಗವು 54 ಇದ್ದರೆ ಅದು 45 ಮೀಟರು. ಬ್ರೇಕು ಹಿಡಿದ ಬಳಿಕ ಗಾಡಿಯು ನಿಲ್ಲುವದಕ್ಕೆ ಬೇಕಾಗುವ ದೂರವಾದರೋ ವೇಗವು ಇಮ್ಮಡಿಯಾದಾಗ ನಾಲ್ಮಡಿಯಾಗುವದು. ಖಾನಾಪುರದ ಕಡೆಯ ಮಳೆಯಲ್ಲಿ ರಸ್ತೆ ನೆನೆದಿದ್ದರೆ ಇನ್ನೂ ಹೆಚ್ಚು.

“ನಾವು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡಿರುತ್ತೇವೆ, ಕೈಗಳೆರಡೂ ಹ್ಯಾಂಡಲ್ ಮೇಲೆಯೇ ಇರುತ್ತವೆ” ಎಂದು ಮಕ್ಕಳು ವಾದಿಸುವರು. ಈ ವಾದವು ನಿಲ್ಲಲಾರದು. ಅಮೇರಿಕದ ಯೂಟಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಾಹನ ನಡೆಸುವದನ್ನು ಹೋಲುವ ಕೆಲಸವನ್ನು ಮಾಡುತ್ತ ಫೋನಿನಲ್ಲಿ ಮಾತನಾಡಿದವರು ತಪ್ಪಿಸಿಕೊಂಡ ಸಂಕೇತಗಳು ಇಮ್ಮಡಿಯಾದವು; ಫೋನನ್ನು ಕೈಯಲ್ಲಿ ಹಿಡಿದವರಿಗೂ ಹಿಡಿಯದವರಿಗೂ ವ್ಯತ್ಯಾಸವು ಕಾಣಲಿಲ್ಲ. ಕಣ್ಣು ರಸ್ತೆಯ ಮೇಲಿದ್ದರೂ ಚಿತ್ತವು ಬೇರೆಡೆಗೆ ಹೋದರೆ ಕಂಡದ್ದು ಕಾಣದಂತಾಗುವದು. ಹಿಂದಿನ ಸೀಟಿನಲ್ಲಿ ಕುಳಿತ ಗೆಳತಿಯು ಎದುರಿಗೆ ಲಾರಿ ಬಂದರೆ ತಾನಾಗಿಯೇ ಸುಮ್ಮನಾಗುವಳು. ಮನೆಯಲ್ಲಿ ಕುಳಿತು ಮಾತನಾಡುವವರಿಗೆ ಆ ಲಾರಿಯು ಕಾಣುವದಿಲ್ಲ.

ಹಾಗಾದರೆ ಮಾತನಾಡುವವರು ಯಾರು? ನಾವು ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದೆವು. ಗೆಳತಿಯರ ಹೆಸರು ಬರುವದೆಂದು ಎಣಿಸಿದ್ದೆವು. ಬಂದ ಉತ್ತರ “ಅವ್ವ”, ಕೆಲವರಿಂದ “ಆಯಿ”. ಎಲ್ಲಿರುವಿ, ಎಷ್ಟು ಹೊತ್ತು, ಬರುವಾಗ ಕೊತ್ತಂಬರಿ ತಾ. ಅವ್ವನ ಫೋನು ಎತ್ತದಿದ್ದರೆ ಬೈಗಳು ತಪ್ಪವೆಂಬ ಭಯದಿಂದಲೇ ಮಗಳು ಓಡುವ ಗಾಡಿಯಲ್ಲಿ ಅದನ್ನು ಎತ್ತುವಳು.

ಕಾಯಿದೆಯ ಮಾತನ್ನೂ ಹೇಳಿಬಿಡೋಣ. ಹದಿನೆಂಟು ತುಂಬದವರಿಗೆ ಮೋಟಾರು ವಾಹನದ ಪರವಾನಿಗೆ ಇಲ್ಲ. ಹದಿನಾರಕ್ಕೆ ಸಿಕ್ಕುವ ಪರವಾನಿಗೆಯು 50 ಸಿ.ಸಿ.ಯೊಳಗಿನ, ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳ ಸ್ಕೂಟರುಗಳು ಸಾಮಾನ್ಯವಾಗಿ 100 ಸಿ.ಸಿ.ಗೂ ಮೇಲಿನವು. 2019ರ ತಿದ್ದುಪಡಿಯ ಮೇರೆಗೆ ಅಪ್ರಾಪ್ತರು ಗಾಡಿ ನಡೆಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳ ವರೆಗಿನ ಸೆರೆವಾಸವೂ ಉಂಟು. ಗಾಡಿಯ ನೋಂದಣಿಯು 12 ತಿಂಗಳು ರದ್ದಾಗುವದು. ಆ ಮಗುವಿಗೆ 25 ವರ್ಷ ತುಂಬುವ ತನಕ ಪರವಾನಿಗೆ ದೊರೆಯದು. ದಂಡದ ಭಯಕ್ಕಿಂತ ಮನೆಯ ರೂಢಿಯ ಮೇಲೆಯೇ ನಮ್ಮ ಭರವಸೆ ಹೆಚ್ಚು. ತಂದೆಯ ಮುಂದೆ ಗಾಡಿಯ ಮೇಲೆ ನಿಂತು ಹೋಗುವ ಐದು ವರ್ಷದ ಕೂಸು, ಅಪ್ಪನು ಫೋನಿನಲ್ಲಿ ಮಾತನಾಡುತ್ತ ನಡೆಸುವದನ್ನು ದಿನಾಲು ನೋಡಿ ಕಲಿಯುವದು.

ಪರವಾನಿಗೆ ಪಡೆದ ಮಕ್ಕಳು ಹೊರಡುವ ಮುನ್ನ ಒಂದು ಫೋನು, ಮುಟ್ಟಿದ ಮೇಲೆ ಇನ್ನೊಂದು ಫೋನು ಮಾಡಲಿ. ನಡುವೆ ಅದನ್ನು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಡಲಿ. ತಾಯಂದಿರೂ ನಡುವೆ ಕರೆಯಬಾರದು.

ಇದನ್ನು ಹೇಳಿದಾಗ ಖಾನಾಪುರದ ಹಳೆಯ ವಿದ್ಯಾರ್ಥಿನಿಯೊಬ್ಬರು, “ಅಕ್ಕೋರೆ, ಅಷ್ಟು ಹೊತ್ತು ನನ್ನ ಜೀವ ನಿಲ್ಲುವದಿಲ್ಲ” ಎಂದರು. ಅವರ ಮಗಳಿಗೆ ಹತ್ತೊಂಬತ್ತು ವರ್ಷ. ದಿನಾಲು ಸುಮಾರು 26 ಕಿಲೋಮೀಟರ್ ದೂರದ ಬೆಳಗಾವಿಗೆ ಹೋಗುವಳು. ಹೊರಟ ವೇಳೆಯನ್ನು ಬರೆದಿಟ್ಟು ಒಂದು ತಾಸು ಫೋನನ್ನು ಮುಟ್ಟದಿರಿ ಎಂದು ಹೇಳಿ ಕಳುಹಿಸಿದೆವು. ಈಗ ಅವರು ಆ ತಾಸಿನಲ್ಲಿ ರೊಟ್ಟಿ ಬಡಿಯಲು ಕೂಡುತ್ತಾರಂತೆ. ಕೈಗೆ ಹಿಟ್ಟು ಅಂಟಿರುವದರಿಂದ ಫೋನು ಹಿಡಿಯಲಾಗುವದಿಲ್ಲ.