ಶತ್ರುವಿನ ಮುಖ: ಯುದ್ಧಕಾಲದ ಪ್ರಚಾರ ಚಿತ್ರಗಳನ್ನು ಕುರಿತು

ಯುದ್ಧವು ರಣರಂಗದಲ್ಲಿ ಮಾತ್ರ ನಡೆಯುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಗೋಡೆಯ ಮೇಲೆ, ಬೆಳ್ಳಿತೆರೆಯ ಮೇಲೆ, ಮಕ್ಕಳು ಆಡುವ ಬೀದಿಯಲ್ಲಿ ಕೂಡ ಅದು ನಡೆಯುತ್ತದೆ. ಅಲ್ಲಿಯ ಆಯುಧವೆಂದರೆ ಚಿತ್ರ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಗ್ರಂಥಾಲಯದಲ್ಲಲ್ಲ, ರನ್ನ ಬೆಳಗಲಿಯ ನಮ್ಮ ಮನೆಯ ಪಡಸಾಲೆಯಲ್ಲಿ.

ನನ್ನ ತಾಯಿಗೆ ಓದುಬರಹ ಬಾರದು. ಒಂದು ದಿನ ನನ್ನ ಮೊಬೈಲಿಗೆ ಯಾರೋ ಒಂದು ಚಿತ್ರ ಕಳಿಸಿದ್ದರು. ನೆರೆಯ ದೇಶದ ಸೈನಿಕನೊಬ್ಬನಿಗೆ ಕೋರೆಹಲ್ಲು, ಉದ್ದನೆಯ ಉಗುರು ಬರೆದು ರಕ್ಕಸನಂತೆ ಮಾಡಿದ್ದ ಚಿತ್ರವದು. ನಾನು ನಕ್ಕು, ಹತ್ತಾರು ಗೆಳೆಯರಿಗೆ ಅದನ್ನು ಕಳಿಸಿಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಅವ್ವ ಚಿತ್ರವನ್ನು ದಿಟ್ಟಿಸಿ ನೋಡಿ, "ತಮ್ಮಾ, ಇವನ ಮಾರಿ ಹಿಂಗ ಯಾರು ಮಾಡ್ಯಾರೊ? ಯಾಕ ಮಾಡ್ಯಾರೊ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಇತಿಹಾಸ ಓದಿದ ನಾನು ಕೇಳದ ಪ್ರಶ್ನೆಯನ್ನು ಅಕ್ಷರ ಬಾರದ ಅವ್ವ ಕೇಳಿದ್ದಳು. ಆ ಎರಡು ಪ್ರಶ್ನೆಗಳೇ ಈ ಲೇಖನಕ್ಕೆ ಮೂಲ.

ಮೊದಲು ಒಂದು ಮಾತು ಹೇಳಬೇಕು. ಚಿತ್ರದ ಮೂಲಕ ಜನರಿಗೆ ವಿಷಯ ತಿಳಿಸುವುದು ತಾನಾಗಿ ದೋಷವಲ್ಲ. 1951ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ 18 ಮಂದಿ ಮಾತ್ರ. 1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಜೋಡೆತ್ತು ಮೊದಲಾದ ಚಿಹ್ನೆಗಳಿಲ್ಲದಿದ್ದರೆ ಕೋಟ್ಯಂತರ ಜನ ಮತ ಹಾಕುವುದೇ ದುಸ್ತರವಾಗುತ್ತಿತ್ತು. ನಮ್ಮಂಥ ಮನೆತನಗಳಿಗೆ ಪ್ರಜಾಪ್ರಭುತ್ವವು ಮೊದಲು ಬಂದುದು ಚಿತ್ರದ ರೂಪದಲ್ಲಿಯೇ. ಹೀಗೆ ಓದಲಾರದವನ ಕೈಹಿಡಿದು ನಡೆಸುವ ಚಿತ್ರವೇ ಅವನನ್ನು ದಾರಿ ತಪ್ಪಿಸಲೂ ಬಲ್ಲದು. ಯುದ್ಧಕಾಲದಲ್ಲಿ ಆದುದು ಇದೇ.

ಜಪಾನಿನ ಉದಾಹರಣೆಯನ್ನು ನೋಡೋಣ. 1930ರ ಸುಮಾರಿಗೆ ಅಲ್ಲಿ 'ಕಾಮಿಶಿಬಾಯಿ' ಎಂಬ ಬೀದಿಯಾಟ ಬಳಕೆಗೆ ಬಂದಿತು. ಕಾಮಿಶಿಬಾಯಿ ಎಂದರೆ ಕಾಗದದ ನಾಟಕ. ಸೈಕಲ್ಲಿನ ಹಿಂದೆ ಕಟ್ಟಿಗೆಯ ಚೌಕಟ್ಟು ಕಟ್ಟಿಕೊಂಡು ಒಬ್ಬಾತ ಓಣಿಗೆ ಬರುವನು. ಮಿಠಾಯಿ ಮಾರಿ, ಮಕ್ಕಳನ್ನು ನಿಲ್ಲಿಸಿಕೊಂಡು, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುವನು. ನಮ್ಮ ಜಾತ್ರೆಗಳ ಬಯಾಸ್ಕೋಪ್ ಪೆಟ್ಟಿಗೆಯನ್ನು ನೆನೆದರೆ ಇದರ ಸ್ವರೂಪ ಸ್ವಲ್ಪ ತಿಳಿದೀತು. 1937ರಲ್ಲಿ ಚೀನದೊಡನೆ ಪೂರ್ಣಪ್ರಮಾಣದ ಯುದ್ಧ ಆರಂಭವಾದ ಮೇಲೆ ಈ ಬಡ ಆಟವೂ ಪ್ರಚಾರದ ಸಾಧನವಾಯಿತು. ಹಣ ಉಳಿಸಿ ಯುದ್ಧಕ್ಕೆ ಕೊಡಬೇಕು, ಸೈನಿಕನ ಮರಣವೇ ಮಹಾಪುಣ್ಯ ಎಂಬ ಬೋಧೆ ಮಿಠಾಯಿಯೊಡನೆ ಮಕ್ಕಳಿಗೆ ಸಂದಿತು.

ಚಲನಚಿತ್ರದ ಮಾತೂ ಹೀಗೆಯೇ. ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊಟಾರೊ ಎಂಬ ಬಾಲಕನು ನಾಯಿ, ಕೋತಿ, ಕಾಡುಕೋಳಿಗಳ ನೆರವಿನಿಂದ ರಕ್ಕಸರ ದ್ವೀಪವನ್ನು ಗೆಲ್ಲುವುದು ಜಪಾನಿನ ಹಳೆಯ ಅಜ್ಜಿಕಥೆ. ಅಲ್ಲಿಯ ನೌಕಾದಳದ ಪ್ರೋತ್ಸಾಹದಿಂದ ಸೆಓ ಮಿತ್ಸುಯೊ ಎಂಬ ನಿರ್ದೇಶಕನು ಈ ಕಥೆಯನ್ನು ಹಿಡಿದು 1943ರಲ್ಲಿ ಒಂದು, 1945ರಲ್ಲಿ ಇನ್ನೊಂದು ವ್ಯಂಗ್ಯಚಿತ್ರಪಟವನ್ನು ತಯಾರಿಸಿದನು. ಮೊದಲನೆಯದರಲ್ಲಿ ರಕ್ಕಸರ ದ್ವೀಪವೆಂದರೆ ಪರ್ಲ್ ಹಾರ್ಬರ್. ಎರಡನೆಯದರಲ್ಲಿ ಶರಣಾಗುವ ಆಂಗ್ಲ ಅಧಿಕಾರಿಗಳ ತಲೆಯ ಮೇಲೆ ಕೊಂಬು! ಇತ್ತ ಅಮೆರಿಕದ ಭಿತ್ತಿಚಿತ್ರಗಳೇನೂ ಸಭ್ಯವಾಗಿರಲಿಲ್ಲ. ಅವು ಜಪಾನೀಯರನ್ನು ಇಲಿಯಂತೆ, ಕೋತಿಯಂತೆ ತೋರಿಸಿದವು. ಉಭಯ ಪಕ್ಷಗಳೂ ಮಾಡಿದ ಕೆಲಸ ಒಂದೇ. ಶತ್ರುವಿನ ಮನುಷ್ಯಮುಖವನ್ನು ಕಿತ್ತು ಮುಖವಾಡ ತೊಡಿಸಿದವು. ಮನುಷ್ಯನನ್ನು ಕೊಲ್ಲಲು ಕೈ ನಡುಗುತ್ತದೆ, ರಕ್ಕಸನನ್ನು ಕೊಲ್ಲಲು ನಡುಗದು.

ನಮ್ಮ ದೇಶದಲ್ಲಿ ಆಗ ಆಂಗ್ಲರ ಆಳಿಕೆ. ಭಾರತ ರಕ್ಷಣಾ ನಿಯಮಗಳ ಮೇರೆಗೆ, ಸರ್ಕಾರ ಒಪ್ಪಿದ ಚಿತ್ರಗಳನ್ನು ಪ್ರತಿಯೊಂದು ಸಿನೇಮಾ ಮಂದಿರವೂ ತೋರಿಸಲೇಬೇಕೆಂದು 1943ರಲ್ಲಿ ಕಡ್ಡಾಯ ಮಾಡಲಾಯಿತು. 'ಇಂಡಿಯನ್ ನ್ಯೂಸ್ ಪರೇಡ್' ಎಂಬ ವಾರ್ತಾಚಿತ್ರ ಆ ಕಾಲದ್ದು. ಅದೇ ವರ್ಷ ಬಂಗಾಲದಲ್ಲಿ ಘೋರ ಕ್ಷಾಮ ಬಿದ್ದು ಲಕ್ಷಾಂತರ ಜನ ಸತ್ತರು. ಚಿತ್ತಪ್ರಸಾದ್ ಎಂಬ ಕಲಾವಿದನು ಮಿಡ್ನಾಪುರ ಪ್ರದೇಶವನ್ನು ಸುತ್ತಿ, ಹಸಿದವರ ಮುಖಗಳನ್ನು ಮಸಿಯಲ್ಲಿ ಬರೆದು 'ಹಂಗ್ರಿ ಬೆಂಗಾಲ್' ಎಂಬ ಪುಸ್ತಕ ಮಾಡಿದನು. ಸರ್ಕಾರವು ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟುಹಾಕಿತು. ಅಧಿಕಾರವು ಯಾವ ಚಿತ್ರವನ್ನು ತೋರಿಸುತ್ತದೆ ಎಂಬುದರಷ್ಟೇ, ಯಾವುದನ್ನು ಸುಡುತ್ತದೆ ಎಂಬುದೂ ಇತಿಹಾಸಕ್ಕೆ ಸಾಕ್ಷಿ.

ಯುದ್ಧ ಮುಗಿದ ಮೇಲೂ ಈ ರೋಗ ವಾಸಿಯಾಗಲಿಲ್ಲ. ಚೀನದಲ್ಲಿ 1949ರ ಅಕ್ಟೋಬರ್ 1ರಂದು ಮಾವೋ ಗಣರಾಜ್ಯವನ್ನು ಘೋಷಿಸಿದ ದೃಶ್ಯವನ್ನು ಡಾಂಗ್ ಷಿವೆನ್ ಎಂಬ ಕಲಾವಿದನು 1953ರಲ್ಲಿ ದೊಡ್ಡ ತೈಲಚಿತ್ರವಾಗಿ ರಚಿಸಿದನು. ಮಾವೋನ ಹಿಂದೆ ಸಾಲಾಗಿ ನಾಯಕರು ನಿಂತಿದ್ದರು. ಅವರಲ್ಲಿ ಗಾವೊ ಗಾಂಗ್ ಎಂಬಾತನು 1954ರಲ್ಲಿ ಪಕ್ಷದ ಅವಕೃಪೆಗೆ ಗುರಿಯಾದನು. ಅವನನ್ನು ಚಿತ್ರದಿಂದ ಅಳಿಸಬೇಕಾಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ರಾಷ್ಟ್ರಾಧ್ಯಕ್ಷನಾಗಿದ್ದ ಲ್ಯು ಷಾವೊಚಿಯ ಸರದಿ ಬಂದಿತು. ಅವನ ಸ್ಥಳದಲ್ಲಿ ಬೇರೊಬ್ಬ ನಾಯಕನ ಮುಖ ಬಂದಿತು. 1972ರಲ್ಲಿ ಇನ್ನೊಂದು ಬದಲಾವಣೆಗೆ ಆಜ್ಞೆಯಾದಾಗ ಕಲಾವಿದನೇ ಹಾಸಿಗೆ ಹಿಡಿದಿದ್ದನಾದ್ದರಿಂದ ಇತರರು ನಕಲು ಪ್ರತಿ ತಯಾರಿಸಿದರು. ಮಾವೋನ ಮರಣಾನಂತರ ಅಳಿಸಿದವರನ್ನು ಮತ್ತೆ ಬರೆಯಲಾಯಿತು. ಜಪಾನಿನ ಚಿತ್ರ ಶತ್ರುವಿಗೆ ಕೊಂಬು ಬರೆಯಿತು, ಚೀನದ ಚಿತ್ರ ನಿನ್ನೆಯ ಗೆಳೆಯ ಇಂದು ಶತ್ರುವಾದರೆ ಅವನು ಹುಟ್ಟಿಯೇ ಇರಲಿಲ್ಲವೆಂದಿತು.

ಇದೆಲ್ಲ ಪರದೇಶದ ಮಾತೆಂದು ನಾವು ಬೀಗಬೇಕಾಗಿಲ್ಲ. ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿರಿ. ಅನೇಕ ಕಲ್ಲುಗಳಲ್ಲಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತ ನೋಟ ಇರುತ್ತವೆ. ಊರಿಗಾಗಿ, ದನಗಳಿಗಾಗಿ ಪ್ರಾಣ ಕೊಟ್ಟವನ ಸ್ಮಾರಕವೆಂಬುದು ನಿಜ. ಆದರೂ ಮುಂದಿನವನನ್ನು ಕಾಳಗಕ್ಕೆ ಹುರಿದುಂಬಿಸುವ ಶಕ್ತಿ ಅದಕ್ಕಿದೆ. ವೀರನ ಕಾಲಡಿಯಲ್ಲಿ ಬಿದ್ದವನಿಗೆ ಹೆಸರಿಲ್ಲ, ಸ್ವರ್ಗವೂ ಇಲ್ಲ.

ಹಾಗಾದರೆ ಆಳುವವರ ಆಶ್ರಯದಲ್ಲಿ ಹುಟ್ಟಿದ ಕಲೆಯೆಲ್ಲ ಬರಿಯ ಪ್ರಚಾರವೇ? ಈ ಪ್ರಶ್ನೆಗೆ ಉತ್ತರ ನನಗೆ ನಮ್ಮೂರಿನಲ್ಲಿಯೇ ದೊರೆಯಿತು. ಬಳೆಗಾರರ ಮನೆತನದಲ್ಲಿ, ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ 949ರಲ್ಲಿ ಹುಟ್ಟಿದ ರನ್ನನು ಚಾಲುಕ್ಯರ ಆಸ್ಥಾನಕ್ಕೆ ಹೋಗಿ ಕವಿಚಕ್ರವರ್ತಿಯಾದನು. ಅವನ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಉಂಟು. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹಾಡಿದ ಕಾವ್ಯವದು. ಈ ಲೆಕ್ಕದಲ್ಲಿ ದುರ್ಯೋಧನನು ಅರಸನ ಶತ್ರು. ಅವನಿಗೆ ಕೊಂಬು ಬರೆದಿದ್ದರೆ ಆಸ್ಥಾನದಲ್ಲಿ ಯಾರು ಬೇಡವೆನ್ನುತ್ತಿದ್ದರು? ಆದರೆ ರನ್ನನು ಆ ಶತ್ರುವನ್ನು ಹೆಣಗಳ ನಡುವೆ ಒಂಟಿಯಾಗಿ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ದೇಹಗಳ ಬಳಿ ಅಳಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ಅವನ ಕೈ ಮುಗಿಸಿ, ತನಗೂ ಅಂಥ ವೀರಮರಣ ದೊರೆಯಲೆಂದು ಬೇಡಿಸುತ್ತಾನೆ. ಕಾವ್ಯ ಮುಗಿದಾಗ ಭೀಮ ಗೆದ್ದಿರುತ್ತಾನೆ, ಆದರೆ ನಮ್ಮ ಮನಸ್ಸಿನಲ್ಲಿ ಉಳಿಯುವ ಮುಖ ದುರ್ಯೋಧನನದು. ಅರಸನ ಅನ್ನವನ್ನುಂಡೂ ಶತ್ರುವಿಗೆ ಮುಖವನ್ನು ಕೊಟ್ಟ ಧೈರ್ಯ ಅದು. ಕಲೆಗೂ ಪ್ರಚಾರಕ್ಕೂ ಇರುವ ಅಂತರ ಇಲ್ಲಿಯೇ ಇದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಆದುದರಿಂದ ಸಹಪಾಠಿಗಳೇ, ಯಾವುದೇ ಚಿತ್ರ ಕೈಗೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದನ್ನು ಯಾರು ಮಾಡಿಸಿದರು? ಯಾಕೆ ಮಾಡಿಸಿದರು? ಇದರಲ್ಲಿ ಯಾರ ಮುಖಕ್ಕೆ ಮುಖವಾಡವಿದೆ, ಯಾರ ಮುಖ ಅಳಿದಿದೆ? ಮೊದಲಿನ ಎರಡು ನನ್ನ ಅವ್ವನವು, ಮೂರನೆಯದನ್ನು ಮಾತ್ರ ನಾನು ಪುಸ್ತಕಗಳಿಂದ ಕಲಿತೆ. ಪದವಿಯೆಂಬುದು ಮೊದಲಿನ ಎರಡನ್ನು ಮರೆಸುವುದಾದರೆ ಅದರಿಂದ ಬಂದ ಪ್ರಯೋಜನವೇನು?

ಅಂದು ನಾನು ಕಳಿಸಿದ ಆ ಚಿತ್ರವನ್ನು ಇನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅದು ಎಷ್ಟು ಕೈ ದಾಟಿತೋ ನಾನರಿಯೆ. ಅದನ್ನು ನನ್ನಿಂದ ಪಡೆದ ಗೆಳೆಯರಲ್ಲಿ ಕೆಲವರು ಈ ಸಂಚಿಕೆಯನ್ನು ಓದುವರು. ಈ ಲೇಖನವನ್ನು ಬರೆದುದು ಮುಖ್ಯವಾಗಿ ಅವರಿಗಾಗಿ.