ಬೋರಿನ ನೀರು ಕುಡಿಯಲಿಕ್ಕಿರಲಿ, ರೇಡಿಯೇಟರ್‌ಗೆ ಬೇಡ

ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದೇ ನೋಟ. ಬಾನೆಟ್ ಎತ್ತಿ ನಿಲ್ಲಿಸಿದ ಕಾರು, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ ಮಾಲೀಕರು, ಅವರ ಕೈಯಲ್ಲೊಂದು ಖಾಲಿ ನೀರಿನ ಬಾಟಲಿ. ಆ ಬಾಟಲಿ ಕಂಡರೆ ಸಾಕು, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಹೋದ ಬೇಸಿಗೆ ಚಿತ್ತಾಪುರ ಕಡೆಯ ಮಾಸ್ತರರೊಬ್ಬರು ವಾಡಿ ರಸ್ತೆಯಲ್ಲಿ ನಿಂತುಹೋದ ಗಾಡಿಯನ್ನು ಎಳೆಸಿಕೊಂಡು ಬಂದಿದ್ದರು. ‘ಏನು ಹಾಕಿದ್ರಿ ಸರ್?’ ಎಂದೆ. ‘ಕೂಲಂಟ್ ಕಡಿಮೆ ಆಗಿತ್ರಿ, ಬೋರಿನ ನೀರು ಹಾಕೀನಿ. ಭಾಳ ಚಲೋ ನೀರು ಅದ ರಿ, ಮನ್ಯಾಗ ನಾವೂ ಅದೇ ಕುಡಿತೀವಿ’ ಎಂದರು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿದೆ. ಗೋಡೆಗೆ ಬಳಿಯುವ ಸುಣ್ಣದಂಥದ್ದೇ ಬೆರಳಿಗೆ ಮೆತ್ತಿಕೊಂಡು ಬಂತು.

ಅದು ನಿಜವಾಗಿಯೂ ಸುಣ್ಣವೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ನಿಂತಿರುವುದು ಸುಣ್ಣಕಲ್ಲಿನ ಹಾಸಿನ ಮೇಲೆ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದು ಈ ಕಲ್ಲಿಗಾಗಿ; ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರಸಿಯೂ ಇದೇ ಕಲ್ಲು. ಅದರ ಸಂದಿಯಿಂದ ಮೇಲೆ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ನೀರು ಕಾದಾಗ ಅದು ಬೇರೆಯಾಗಿ ಬಿಳಿ ಪದರವಾಗಿ ಕೂರುತ್ತದೆ. ನಂಬಿಕೆ ಬರದಿದ್ದರೆ ಬಚ್ಚಲ ಮನೆಯ ಹಂಡೆಯ ಒಳಗೆ ನೋಡಿ, ಇಲ್ಲವೇ ಗೀಸರ್ ಕಾಯಿಲ್ ಬಿಚ್ಚಿಸಿ ನೋಡಿ. ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ರೇಡಿಯೇಟರ್ ಒಳಗಿನ ಕೊಳವೆಗಳು ಒಂದೆರಡು ಮಿಲಿಮೀಟರ್ ಅಗಲದವು, ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಶಾಖವನ್ನು ಹೊರಗೆ ದಾಟಿಸುವುದರಲ್ಲಿ ಈ ಸುಣ್ಣದ ಪದರ ಅಲ್ಯೂಮಿನಿಯಂನ ನೂರನೇ ಒಂದು ಪಾಲಿನಷ್ಟೂ ಇಲ್ಲವೆನ್ನಬಹುದು. ಅಂದರೆ ಎಂಜಿನ್ನಿಗೆ ನಾವೇ ಒಳಗಿನಿಂದ ಕಂಬಳಿ ಹೊದಿಸಿದಂತೆ. ಹೊರಗೆ 43–44 ಡಿಗ್ರಿ ಬಿಸಿಲಿದ್ದಾಗ ಗಾಡಿ ಇನ್ನೇನು ಮಾಡೀತು?

ಕೂಲಂಟ್ ಬದಲಿಸುವ ಕ್ರಮ

ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಬಣ್ಣ ಕಂಪನಿಯವರು ಬೆರೆಸಿದ್ದು, ಅದರಿಂದ ಜಾತಿ ತಿಳಿಯುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ತನ್ನಿ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಬೆರೆಸುವ ಹಾಗಿಲ್ಲ. ‘ಕಾನ್ಸಂಟ್ರೇಟ್’ ಎಂದಿದ್ದರೆ ಸಾಮಾನ್ಯವಾಗಿ ಅರ್ಧ ಅದು, ಅರ್ಧ ಡಿಸ್ಟಿಲ್ಡ್ ವಾಟರ್. ‘ಪೂರ್ತಿ ಕೂಲಂಟೇ ಹಾಕಿಬಿಡಿ, ಗಟ್ಟಿ ಇರಲಿ’ ಎನ್ನುವವರೂ ಇದ್ದಾರೆ. ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗೇ ಹೆಚ್ಚು ಶಕ್ತಿ; ಗ್ಲೈಕಾಲ್ ಇರುವುದು ಕುದಿಯುವ ಬಿಂದು ಏರಿಸಲಿಕ್ಕೆ, ಅದರ ಜೊತೆಗಿನ ರಾಸಾಯನಿಕಗಳಿರುವುದು ತುಕ್ಕು ತಡೆಯಲಿಕ್ಕೆ. ಹಾಗಾಗಿ ಎರಡೂ ಬೇಕು.

ಈ ಕೆಲಸ ಬೆಳಿಗ್ಗೆಯೇ, ರಾತ್ರಿಯೆಲ್ಲ ನಿಂತ ಗಾಡಿಯ ಮೇಲೆ ಮಾಡಿ. ಬಿಸಿ ಇರುವಾಗ ಕ್ಯಾಪ್ ತಿರುವಿದರೆ ಒತ್ತಡದಲ್ಲಿರುವ ನೀರು ಮುಖಕ್ಕೇ ಹಾರುತ್ತದೆ. ಹೀಗೆ ಸುಟ್ಟುಕೊಂಡ ಕೈಗಳನ್ನು ನಾನು ನೋಡಿದ್ದೇನೆ, ವಿವರಿಸಲಾರೆ. ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಹಳೆಯದನ್ನು ಬಕೆಟ್ಟಿಗೆ ಇಳಿಸಿ. ಚರಂಡಿಗೆ ಬಿಡಬೇಡಿ, ಅಂಗಳದಲ್ಲಿಯೂ ಇಡಬೇಡಿ. ಕೂಲಂಟ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಕರು, ಮಕ್ಕಳು ಬಾಯಿ ಹಾಕಬಾರದು. ಪ್ಲಗ್ ಹಾಕಿ ಬರೀ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಒಳಗಿನ ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಹತ್ತು ನಿಮಿಷ ಓಡಿಸಿ. ಆರಿದ ಮೇಲೆ ಮತ್ತೆ ಇಳಿಸಿ. ನೀರು ತಿಳಿಯಾಗಿ ಬರುವವರೆಗೆ ಎರಡು ಮೂರು ಸಲ ಹೀಗೆ ಮಾಡಬೇಕಾದೀತು. ಹೀಟರ್ ತಿರುಗಿಸುವುದನ್ನು ಎಲ್ಲರೂ ಮರೆಯುತ್ತಾರೆ. ಹಲವು ಗಾಡಿಗಳಲ್ಲಿ ಅದಿಲ್ಲದಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಕೂತ ಹಳೆ ನೀರು ಅಲ್ಲೇ ಉಳಿಯುತ್ತದೆ.

ಕೊನೆಗೆ ಹೊಸ ಕೂಲಂಟ್ ತುಂಬಿಸಿ, ಕ್ಯಾಪ್ ತೆರೆದಿಟ್ಟೇ ಎಂಜಿನ್ ಓಡಿಸಿ ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದ ಗಾಡಿಗಳೂ ಈಗಿವೆ, ಅವುಗಳಿಗೆ ಕೈಪಿಡಿಯ ಕ್ರಮವೇ ಬೇರೆ. ಮರುದಿನ ಬೆಳಿಗ್ಗೆ ಬಾನೆಟ್ ಒಳಗಿನ ಕೂಲಂಟ್ ಡಬ್ಬಿಯ ಮಟ್ಟ ಮಿನ್–ಮ್ಯಾಕ್ಸ್ ಗೆರೆಗಳ ನಡುವೆ ಇದೆಯೇ ನೋಡಿದರೆ ಆಯಿತು.

ಆಗಲೇ ಸುಣ್ಣ ಕಟ್ಟಿದ್ದರೆ? ಕಕ್ಕಸು ತೊಳೆಯುವ ಆ್ಯಸಿಡ್ ಸುರಿದವರನ್ನೂ ಕಂಡಿದ್ದೇನೆ. ಸುಣ್ಣದ ಜೊತೆ ಅಲ್ಯೂಮಿನಿಯಂ ಕೂಡ ಕರಗಿ ಹದಿನೈದು ದಿನಕ್ಕೆ ರೇಡಿಯೇಟರ್ ಸೋರಲು ಶುರುವಾಗಿತ್ತು. ಅಲ್ಯೂಮಿನಿಯಂಗೆ ಆಗಿಬರುವ ರೇಡಿಯೇಟರ್ ಫ್ಲಶ್ ಸಿಗುತ್ತದೆ, ಅದನ್ನು ಬಳಸಿ. ಅದಕ್ಕೂ ಬಗ್ಗದಿದ್ದರೆ ಹೊಸ ರೇಡಿಯೇಟರ್ ಹಾಕಿಸಿ. ಹೆಡ್ ಗ್ಯಾಸ್ಕೆಟ್ ಸುಟ್ಟು ಹೆಡ್ ಬಾಗಿದ ಮೇಲೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಇನ್ನೊಂದು ಚಾಳಿ ನಮ್ಮ ಕೆಲವು ಮಿಸ್ತ್ರಿಗಳದ್ದು. ‘ನಮ್ಮ ಕಡೆ ಥಂಡಿ ಎಲ್ಲದ ರಿ’ ಎಂದು ಥರ್ಮೋಸ್ಟಾಟ್ ಕಿತ್ತುಬಿಡುತ್ತಾರೆ. ಎಂಜಿನ್ ಬೇಗ ತನ್ನ ಶಾಖಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಕಿತ್ತು ಬಿಸಾಡಲು ಒಪ್ಪಬೇಡಿ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ, ಅಥವಾ ಮುಳ್ಳಿಲ್ಲದ ಗಾಡಿಯಲ್ಲಿ ಕೆಂಪು ದೀಪ ಹತ್ತಿದರೆ, ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ನೆರಳು ನೋಡಿ ನಿಲ್ಲಿಸಿ. ಹಬೆ ಬರುತ್ತಿದ್ದರೆ ಎಂಜಿನ್ ಕೂಡಲೇ ಬಂದ್ ಮಾಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಅರ್ಧ ಮುಕ್ಕಾಲು ಗಂಟೆ ಕಾದು, ಬೇರೆ ಗತಿಯೇ ಇಲ್ಲವೆಂದರೆ ಆರ್‌ಒ ನೀರಿನ ಬಾಟಲಿ ಹಾಕಿಕೊಂಡು ಊರು ಮುಟ್ಟಿ, ಆ ವಾರವೇ ಇಳಿಸಿ ತೊಳೆಸಿ. ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದನ್ನು ಡಿಕ್ಕಿಯಲ್ಲೇ ಇಟ್ಟುಕೊಂಡರೆ ಈ ಪಜೀತಿಯೇ ಇಲ್ಲ. ಚಿಂಚೋಳಿಯಿಂದ ಕುಂಚಾವರಂ ಕಾಡಿನ ದಾರಿ ಹಿಡಿಯುವವರಂತೂ ಅದಿಲ್ಲದೆ ಹೊರಡಬಾರದು.

ಹೊರಗಿನ ಧೂಳು

ಎಸಿ ತಂಪು ಕೊಡುತ್ತಿಲ್ಲವೆಂದ ಕೂಡಲೇ ಗ್ಯಾಸ್ ತುಂಬಿಸಲು ಓಡಬೇಡಿ. ರೇಡಿಯೇಟರ್ ಮುಂದೆಯೇ ಎಸಿ ಕಂಡೆನ್ಸರ್ ಇರುತ್ತದೆ. ಕಲ್ಲಿನ ಖಣಿ, ಸಿಮೆಂಟ್ ಲಾರಿಗಳ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿಗಳಲ್ಲಿ ಅದರ ಜಾಲರಿ ಮುಚ್ಚಿಹೋಗಿರುತ್ತದೆ. ಮೊದಲು ಎಂಜಿನ್ ಕಡೆಯಿಂದ ಹೊರಮುಖವಾಗಿ ಒಣ ಗಾಳಿ ಹೊಡೆಸಿ, ನೀರು ಆಮೇಲೆ. ಮೊದಲೇ ನೀರು ಬಿಟ್ಟರೆ ಧೂಳೆಲ್ಲ ಕೆಸರಾಗಿ ಒಳಗೇ ಹೋಗುತ್ತದೆ. ಅದರಲ್ಲಿ ಸಿಮೆಂಟ್ ಇದ್ದರೆ ಅಲ್ಲೇ ಗಟ್ಟಿಯಾಗುತ್ತದೆ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ ಕೂಡ. ಸರ್ವಿಸ್ ಸ್ಟೇಷನ್ನಿನ ಜೆಟ್ ಪೈಪನ್ನು ಹತ್ತಿರ ಹಿಡಿಯಲು ಬಿಡಬೇಡಿ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕೈಪಿಡಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ ಎಂಬುದು ಈ ಭಾಗಕ್ಕೆ ನನ್ನ ಲೆಕ್ಕ.

ಬ್ಯಾಟರಿ, ವೈರಿಂಗ್

ಬ್ಯಾಟರಿಗೆ ಚಳಿಗಿಂತ ಬಿಸಿಲೇ ದೊಡ್ಡ ಶತ್ರು. ಶಾಖ 8–10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬ ಅಂದಾಜು ಬ್ಯಾಟರಿ ತಿಳಿದವರಲ್ಲಿದೆ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ಒಂದು ಕೊಳ್ಳಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜ್ ಪೂರ್ತಿ ಇದೆ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಇರಬೇಕು. ಇಲ್ಲದಿದ್ದರೆ ದೋಷ ಬ್ಯಾಟರಿಯದ್ದಲ್ಲ, ಆಲ್ಟರ್ನೇಟರ್ ಪರೀಕ್ಷೆ ಮಾಡಿಸಿ. ಇದನ್ನು ನೋಡದೆಯೇ ಹೊಸ ಬ್ಯಾಟರಿ ಕೊಂಡು, ಮೂರು ತಿಂಗಳಿಗೆ ಅದೂ ಮಲಗಿತೆಂದು ಅಂಗಡಿಯವನ ಮೇಲೆ ಹರಿಹಾಯುವವರಿದ್ದಾರೆ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಂಡರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಹಚ್ಚಿ. ಹಾಕುವಾಗ ಪಾಸಿಟಿವ್ ಮೊದಲು. ನೀರು ಹಾಕುವ ಬ್ಯಾಟರಿಯಾದರೆ ಇಲ್ಲಿಯೂ ಡಿಸ್ಟಿಲ್ಡ್ ವಾಟರೇ. ಬೋರಿನದ್ದು ಬೇಡ ಎಂದು ಮತ್ತೆ ಹೇಳಬೇಕೇ?

ಫ್ಯೂಸ್ ಹೋದರೆ ಅದೇ ಆಂಪಿಯರಿನದನ್ನೇ ಹಾಕಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ರೇಡಿಯೇಟರ್ ಫ್ಯಾನಿನ ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ತಂತಿ ಸುತ್ತಿದ ಗಾಡಿ ಸುಡದಿದ್ದರೆ ಅದು ಅದೃಷ್ಟ. ಫ್ಯಾನ್ ಮೋಟಾರೇ ಬಿಗಿಯಾಗಿರಬಹುದು, ಅದನ್ನು ನೋಡಿ. ಫ್ಯಾನ್ ತಿರುಗುತ್ತದೆಯೇ ತಿಳಿಯಲು ಎಂಜಿನ್ ಓಡುವಾಗ ಎಸಿ ಹಾಕಿದರೆ ಸಾಕು. ಜೋರು ಹಾರ್ನ್, ಬಿಳಿ ಎಲ್‌ಇಡಿ ದೀಪಗಳನ್ನು ರಿಲೇ ಇಲ್ಲದೆ ಹಳೆ ವೈರಿಗೆ ಸುತ್ತಿ ಟೇಪ್ ಹಚ್ಚಿಸಿಕೊಂಡಿದ್ದರೆ ಈ ಬೇಸಿಗೆಯ ಮೊದಲೇ ಬಿಚ್ಚಿಸಿ.

ತೊಗರಿ ರಾಶಿ ಮುಗಿದ ಮೇಲೆ ಹೊಲದ ಇಲಿಗಳು ಊರ ಕಡೆ ಬರುತ್ತವೆ. ಬಾನೆಟ್ ಒಳಗೆ, ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲಿ ತೊಗರಿ ಹೊಟ್ಟು ಕಂಡರೆ ಇಲಿ ಮನೆ ಮಾಡಿದೆ ಎಂದೇ ಅರ್ಥ. ವೈರ್ ಕಡಿದಿದೆಯೇ ನೋಡದೆ ಸ್ಟಾರ್ಟ್ ಮಾಡಬೇಡಿ.

ಸೀಟು

ಜಾಗ ಮುಗಿಯುತ್ತ ಬಂತು, ಸೀಟಿನದನ್ನು ಚುಟುಕಾಗಿ ಹೇಳುತ್ತೇನೆ. ಸೀಟಿನ ಹಳಿಯಲ್ಲಿ ಕೂತ ಧೂಳು, ನಾಣ್ಯ, ಶೇಂಗಾ ಸಿಪ್ಪೆ ವ್ಯಾಕ್ಯೂಮ್‌ನಿಂದ ತೆಗೆಯಿರಿ. ಸೀಟು ಸರಿಸಿದಾಗ ‘ಟಕ್’ ಎಂದು ಕೂರಲೇಬೇಕು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದ್ದು, ಮುಟ್ಟಬೇಡಿ. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂದು ಬರೆದಿದ್ದರೆ ಅಲ್ಲಿ ಬಿರಿಯುವ ಹೊಲಿಗೆ ಇಲ್ಲದ ಕವರ್ ಹಾಕಿಸಲೇಬಾರದು. ಬೆಲ್ಟನ್ನು ಪೂರ್ತಿ ಹೊರಗೆಳೆದು ಸೋಪಿನ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಜಗ್ಗಿದಾಗ ಹಿಡಿಯುತ್ತದೆಯೇ ನೋಡಿ. ಅಂಚು ಹರಿದಿದ್ದರೆ ಬದಲಿಸಿ. ಹಿಂದಿನ ಸೀಟಿನ ಬಕಲ್‌ಗಳು ಕವರಿನ ಕೆಳಗೆ ಹೂತುಹೋಗಿದ್ದರೆ ಕವರ್ ಕತ್ತರಿಸಿ ಹೊರಗೆ ತೆಗೆಯಿರಿ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ ದಂಡ 1000 ರೂಪಾಯಿ.