ಮಹಾಪೂರಕ್ಕೆ ಮೊದಲೇ ಬೋಟಿನ ಯಂತ್ರ ಪರೀಕ್ಷಿಸಿ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದ 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದ ಜನರಿಗೆ ಬೋಟುಗಳೇ ಆಸರೆಯಾದವು. ಆದರೆ ಔಟ್‌ಬೋರ್ಡ್ ಮೋಟಾರು, ಅಂದರೆ ಬೋಟಿನ ಹಿಂಬದಿಗೆ ಬಿಗಿಯುವ ಯಂತ್ರವು, ತಿಂಗಳುಗಟ್ಟಲೆ ಮೂಲೆಯಲ್ಲಿದ್ದು ಮಳೆಗಾಲದಲ್ಲಿ ಹೊರಬಂದಾಗ ಚಾಲೂ ಆಗದಿರುವುದು ಅಥವಾ ಚಾಲೂ ಆದರೂ ಐಡಲ್‌ನಲ್ಲಿ, ಎಂದರೆ ಆ್ಯಕ್ಸಿಲರೇಟರ್ ತಿರುಗಿಸದ ನಿಧಾನಗತಿಯಲ್ಲಿ, ಸ್ಥಿರವಾಗಿ ಓಡದೆ ಬಂದ್ ಬೀಳುವುದು ಸಾಮಾನ್ಯ.

ಯಂತ್ರವು ಐಡಲ್‌ನಲ್ಲಿ ಸ್ಥಿರವಾಗಿ ಓಡದಿದ್ದರೆ ಮೊದಲು ಶಂಕಿಸಬೇಕಾದದ್ದು ಇಂಧನವನ್ನು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಪೆಟ್ರೋಲು ಅಂಟಿನಂತಾಗಿ, ಗಾಳಿ ಮತ್ತು ಇಂಧನವನ್ನು ಬೆರೆಸುವ ಕಾರ್ಬ್ಯುರೇಟರಿನ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಇಂಥಲ್ಲಿ ಐಡಲ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸುವುದು ರೋಗವನ್ನು ಮರೆಮಾಚುವ ಕೆಲಸವೇ ಹೊರತು ಚಿಕಿತ್ಸೆಯಲ್ಲ. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಹೊಸ ಪೆಟ್ರೋಲು ತುಂಬಿಸಬೇಕು. ಟ್ಯಾಂಕಿನ ಗಾಳಿಕಿಂಡಿ ತೆರೆದಿದೆಯೇ ಎಂಬುದನ್ನೂ ನೋಡಬೇಕು.

ಯಂತ್ರವು ಚಾಲೂವೇ ಆಗದಿದ್ದರೆ, ಚಾಲಕನ ಕೈಗೆ ಕಟ್ಟುವ ಸುರಕ್ಷಾ ದಾರದ ಕ್ಲಿಪ್ ತನ್ನ ಜಾಗದಲ್ಲಿದೆಯೇ ಎಂದು ಮೊದಲು ನೋಡುವುದು ಲೇಸು, ಏಕೆಂದರೆ ಅದು ಕಳಚಿದ್ದರೆ ಕಿಡಿಯೇ ಹುಟ್ಟದು. ಅನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಅದು ಮಸಿ ಹಿಡಿದಿದ್ದರೆ ಅಥವಾ ಎಣ್ಣೆಯಿಂದ ತೊಯ್ದಿದ್ದರೆ ಬದಲಿಸಬೇಕು. ಕಿಡಿಯ ಪರೀಕ್ಷೆಯನ್ನು ಪೆಟ್ರೋಲಿನ ಆವಿಯಿಂದ ದೂರದಲ್ಲೇ ಮಾಡಬೇಕು.

ದಡದಲ್ಲಿ ಯಂತ್ರವನ್ನು ಓಡಿಸಿ ನೋಡುವಾಗ ಅದರ ಕೆಳಭಾಗವು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿರಲಿ. ನೀರಿಲ್ಲದೆ ಓಡಿದರೆ ತಂಪುಗೊಳಿಸುವ ಪಂಪಿನ ರಬ್ಬರ್ ಚಕ್ರವು ಅಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ಈ ಎಲ್ಲ ಪರೀಕ್ಷೆಗಳನ್ನು ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ ಮುಗಿಸಿಡಿ.